ಹನುಮಂತಮ್ಮನ ಮನೆಯಿಂದ ಬಂದ ಐದು ಲೀಟರ್ ಪೆಟ್ರೋಲು

ಮಾನ್ಯ ಇಂಧನ ಗುಣಮಟ್ಟದ ಅಧಿಕಾರಿಗಳೇ,

ಲೆಕ್ಕ ಮೊದಲು, ಮಾತು ಆಮೇಲೆ ಎಂಬುದು ನನ್ನ ಪದ್ಧತಿ. ಕಾರಿನೊಳಗಿನ ಪೆಟ್ರೋಲ್ ಎತ್ತುವ ಪಂಪು ಒಂದು, ಹದಿನೆಂಟು ಸಾವಿರ. ಇಂಜೆಕ್ಟರ್ ನಾಲ್ಕು, ಇಪ್ಪತ್ತಾರು ಸಾವಿರ. ಉಬ್ಬಿ ಮೆತ್ತಗಾಗಿದ್ದ ರಬ್ಬರ್ ಪೈಪು ಬದಲಿಸಿದ್ದು, ಟ್ಯಾಂಕ್ ತೊಳೆದದ್ದು ಸೇರಿ ಆರು ಸಾವಿರದ ಇನ್ನೂರು. ಒಟ್ಟು ಐವತ್ತು ಸಾವಿರದ ಇನ್ನೂರು. ರಸ್ತೆಯಲ್ಲಿ ನಿಂತ ಹೊತ್ತು, ನಲವತ್ತು ನಿಮಿಷ. ಹನುಮಂತಮ್ಮ, ಒಂದು ಜೀವ. ಈ ಕಡೆಯ ಬಾಬತ್ತಿನ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಜಾಗ ಖಾಲಿ ಬಿಟ್ಟಿದ್ದೇನೆ. ತಾವು ತುಂಬಿಸಿಕೊಟ್ಟರೆ ಉಪಕಾರ.

ನಾನು ಗೋವಿನಕೋವಿಯವನು. ನ್ಯಾಮತಿಯಲ್ಲಿ ಪಂಕ್ಚರ್ ಹಾಕುತ್ತ ಬದುಕು ಶುರುಮಾಡಿದವನು, ಈಗ ಹಳೇ ಕಾರು ಕೊಂಡು, ರಿಪೇರಿ ಮಾಡಿ, ಚನ್ನಗಿರಿಯಿಂದ ಜಗಳೂರಿನವರೆಗೆ ಮಾರುತ್ತೇನೆ. ಮಾರದೆ ಉಳಿಸಿಕೊಂಡದ್ದು ಒಂದೇ ಒಂದು: 2013ರ ಟರ್ಬೊ ಪೆಟ್ರೋಲ್ ಕಾರು. ರೇಸಿನ ಹುಚ್ಚು ಇಳಿದವರೊಬ್ಬರು ನನಗೆ ಸಾಗಹಾಕಿದ್ದು. ಕಾಲಿಟ್ಟರೆ ಹಾರುತ್ತದೆ. ಅದಕ್ಕೇ ನಮ್ಮೂರಲ್ಲಿ ಅದು ಆಸ್ಪತ್ರೆಯ ಗಾಡಿಯಾಯಿತು. ಆಂಬುಲೆನ್ಸ್ ಬೇರೆ ಕರೆಗೆ ಹೋಗಿದ್ದಾಗೆಲ್ಲ ಜನ ನನ್ನ ಬಾಗಿಲು ಬಡಿದರು. ಹನ್ನೊಂದು ಹೆರಿಗೆ, ಎರಡು ಎದೆನೋವು, ಒಂದು ವಿಷ. ಎಲ್ಲರೂ ಬದುಕಿ ಬಂದಿದ್ದಾರೆ.

ಕಷ್ಟಕ್ಕೆ ಓಡುವ ಗಾಡಿಗೆ ಬಾಡಿಗೆ ಕೇಳಬಾರದು, ಕೊಡಲೂಬಾರದು. ಹಾಗಂತ ಪುಕ್ಕಟೆ ಹತ್ತಿದರೆ ಮನೆಯವರಿಗೆ ಮುಜುಗರ. ಆದ್ದರಿಂದ ಊರೇ ಒಂದು ದಾರಿ ಕಂಡುಕೊಂಡಿತು: ಯಾರ ಮನೆಯವರು ಗಾಡಿ ಹತ್ತಿದರೋ ಅವರು ಆಮೇಲೆ ಐದು ಲೀಟರ್ ಪೆಟ್ರೋಲನ್ನು ಕ್ಯಾನಿನಲ್ಲಿ ತಂದು ನನ್ನ ಹಿತ್ತಲ ಕೋಣೆಯಲ್ಲಿ ಇಟ್ಟು ಹೋಗುವುದು. ಮುಂದಿನ ಕಷ್ಟಕ್ಕೆ ಅದು. ಹಿಂದಿನವರು ಕೊಟ್ಟ ಪೆಟ್ರೋಲಿನಲ್ಲಿ ಮುಂದಿನವರು ಬದುಕುವ ಈ ಏರ್ಪಾಟಿನ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಪ್ಲಾಸ್ಟಿಕ್ ಕ್ಯಾನಿನಲ್ಲಿ ಪೆಟ್ರೋಲ್ ಇಡುವುದು ತಪ್ಪು ಎಂದು ತಾವು ನನ್ನ ದೂರಿಗೆ ಕೊಟ್ಟ ಉತ್ತರದಲ್ಲಿ ಬರೆದಿದ್ದೀರಿ. ತಪ್ಪೇ. ಒಪ್ಪಿದೆ. ಆದರೆ ಹತ್ತು ವರ್ಷ ಆ ತಪ್ಪು ಜೀವ ಉಳಿಸಿತ್ತು. ಬದಲಾದದ್ದು ಕ್ಯಾನಲ್ಲ, ಒಳಗಿನ ಸರಕು.

ಕಳೆದ ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಮೆಕ್ಕೆಜೋಳದ ಹೊಲದಲ್ಲಿ ಹನುಮಂತಮ್ಮನಿಗೆ ಹಾವು ಕಚ್ಚಿತು. ಗಂಡ ಸಣ್ಣಪ್ಪ ಹೊತ್ತುಕೊಂಡೇ ಬಂದ. ಟ್ಯಾಂಕಿನಲ್ಲಿ ಪೆಟ್ರೋಲ್ ತಳ ಕಂಡಿತ್ತು. ಹಿಂದಿನ ಸಲ ಗಾಡಿ ಹತ್ತಿದ್ದ ಚೌಡಕ್ಕನ ಮನೆಯಿಂದ ಜೂನ್‌ನಲ್ಲಿ ಬಂದ ಕ್ಯಾನು ಮಳೆಗಾಲವಿಡೀ ಆ ತೇವದ ಕೋಣೆಯಲ್ಲಿ ಕೂತಿತ್ತು. ಅದರ ಮುಚ್ಚಳ ಸಡಿಲವಾಗಿತ್ತು. ಒಂದು ಹನಿಯೂ ಹಾಳಾಗಬಾರದೆಂಬ ನನ್ನ ಜನ್ಮದ ಚಟ ನೋಡಿ, ತಳದವರೆಗೂ ಬಸಿದು ಸುರಿದೆ.

ಹಿಂದಿನ ಸೀಟಿನಲ್ಲಿ ಅವಳು ನಗುತ್ತಿದ್ದಳು. “ಉಚ್ಚಂಗಣ್ಣಾ, ಬರೀ ಬಸ್ರೇರ್ನೇ ಕೂರಿಸ್ಕೊಂತೀಯ, ನಮ್ಮನ್ನ ಯಾವಾಗ ಅಂತಿದ್ದೆ. ಕೂತೀನಿ ನೋಡೀಗ.”

“ಸುಮ್ನಿರೇ, ಮಾತಾಡಬ್ಯಾಡ,” ಎಂದು ಸಣ್ಣಪ್ಪ ಗದರಿದ.

ಹೊನ್ನಾಳಿಗೆ ಅರ್ಧ ದಾರಿಯಿರುವಾಗ ಗಾಡಿ ಎರಡು ಸಲ ಕೆಮ್ಮಿ ನಿಂತಿತು.

“ಯಾಕಣ್ಣಾ, ಹೆದ್ರಿಕೊಂತಾ ನಿನ್ ಗಾಡಿ?” ಅಂದಳು. ಅವಳ ನಾಲಿಗೆ ಆಗಲೇ ತೊದಲುತ್ತಿತ್ತು, ರೆಪ್ಪೆ ಇಳಿಯುತ್ತಿತ್ತು. ನಾನು ಬಾನೆಟ್ ಎತ್ತಿದೆ. ಮೂವತ್ತು ವರ್ಷ ಗಾಡಿ ಬಿಚ್ಚಿದ ಮೆಕ್ಯಾನಿಕ್ ನಾನು, ಏನೂ ಹೊಳೆಯಲಿಲ್ಲ. ಎದುರಿಗೆ ಬಂದ ಇಬ್ಬರು ಬೈಕಿನವರು ತಮ್ಮ ಹಿಂದೆ ಕೂರಿಸಿ ಅಂದರು. ಅವಳಿಗೆ ಕತ್ತು ನಿಲ್ಲುತ್ತಿರಲಿಲ್ಲ. ಕೊನೆಗೆ ಗೊಬ್ಬರದ ಚೀಲ ಹೇರಿದ್ದ ಟೆಂಪೊ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ಬಹಳ ಹೊತ್ತು ಹೆಣಗಿದರು. ಆಮೇಲೆ ಕೇಳಿದ್ದು ಒಂದೇ ಮಾತು: “ಇಷ್ಟೊತ್ತು ಎಲ್ಲಿದ್ರಿ?”

ಮರುದಿನ ಟ್ಯಾಂಕಿನದ್ದನ್ನು ಗಾಜಿನ ಲೋಟಕ್ಕೆ ಬಗ್ಗಿಸಿದೆ. ಮೇಲೆ ಪೆಟ್ರೋಲು, ಕೆಳಗೆ ಮೂರು ಬೆರಳು ಬೇರೊಂದು ದ್ರವ. ಹಿಂದೆ ಪೆಟ್ರೋಲೂ ನೀರೂ ಬದ್ಧವೈರಿಗಳು. ಒಂದಿಷ್ಟು ನೀರು ಸೇರಿದರೂ ತಳದಲ್ಲಿ ಕಣ್ಣಿಗೆ ಕಾಣುತ್ತಿತ್ತು. ಈಗ ಪೆಟ್ರೋಲಿಗೆ ಬೆರೆಸಿಯೇ ಮಾರುವ ಎಥನಾಲ್ ಎಂಬ ಪಂಚಾಯ್ತಿದಾರ ನಡುವೆ ಬಂದಿದ್ದಾನೆ. ಗಾಳಿಯ ತೇವವನ್ನು ಕರೆದು ಒಳಗೆ ಕೂರಿಸಿಕೊಳ್ಳುತ್ತಾನೆ, ಇಬ್ಬರನ್ನೂ ರಾಜಿ ಮಾಡಿಸುತ್ತಾನೆ. ನೀರು ಹೆಚ್ಚಾದ ಗಳಿಗೆಗೆ ಪೆಟ್ರೋಲನ್ನು ಬಿಟ್ಟು ನೀರಿನ ಪಕ್ಷ ಸೇರಿ ತಳಕ್ಕಿಳಿಯುತ್ತಾನೆ.

ದೂರು ಕೊಟ್ಟೆ. ಮೂರು ತಿಂಗಳಿಗೆ ತಮ್ಮ ಉತ್ತರ ಬಂತು: ಬಂಕಿನ ಮಾದರಿ ನಿಗದಿತ ಗುಣಮಟ್ಟದಲ್ಲಿದೆ; ಟರ್ಬೊ ಎಂಜಿನ್ನಿಗೆ ಎಥನಾಲಿನ ಹೆಚ್ಚಿನ ಆಕ್ಟೇನ್‌ನಿಂದ ಅನುಕೂಲವೇ ಹೊರತು ತೊಂದರೆಯಿಲ್ಲ; ರೇಸ್ ಕಾರುಗಳೇ ಎಥನಾಲಿನಲ್ಲಿ ಓಡುತ್ತವೆ. ಓಡುತ್ತವೆ ಸ್ವಾಮಿ. ಅದಕ್ಕೆಂದೇ ಮಾಡಿದ ಪಂಪು, ಪೈಪು ಹಾಕಿಕೊಂಡು, ಪೀಪಾಯಿಯ ಮೊಹರು ಒಡೆದ ದಿನವೇ ತುಂಬಿಸಿಕೊಂಡು ಓಡುತ್ತವೆ. ನನ್ನ ಎಂಜಿನ್ನಿನ ಮೇಲೆ ನನಗೂ ದೂರಿಲ್ಲ, ಅದು ಎಥನಾಲನ್ನು ಖುಷಿಯಾಗಿ ಕುಡಿಯಿತು. ಕುಡಿಸುವ ಪಂಪು, ಪೈಪು 2013ರವು. ಎಂಜಿನ್ ಸುರಕ್ಷಿತ ಅಂದಿರಿ, ಸರಿ. ಕಾರು ಸುರಕ್ಷಿತವೇ? ಒಳಗೆ ಕೂತವರು? ಪ್ರಯೋಗಶಾಲೆಯಲ್ಲಿ ಯಾರಾದರೂ ಮೂರು ತಿಂಗಳು ಗೋವಿನಕೋವಿಯ ಮಳೆಗಾಲದಲ್ಲಿ ಕ್ಯಾನು ಇಟ್ಟು ನೋಡಿದ್ದರೇ? ಸಿಗರೇಟಿನ ಪೊಟ್ಟಣದ ಮೇಲೆ ಗಂಟಲಿನ ಹುಣ್ಣು ಅಚ್ಚುಹಾಕುವ ಸರ್ಕಾರಕ್ಕೆ, ಬಂಕಿನಲ್ಲಿ “ಇದನ್ನು ತೇವದಲ್ಲಿ ಬಹಳ ದಿನ ಇಡಬೇಡಿ” ಎಂದು ಒಂದು ಸಾಲು ಬರೆಸಲು ಬಣ್ಣ ಸಾಲಲಿಲ್ಲವೇ?

ನನ್ನ ಬೇಡಿಕೆ ಆ ಒಂದು ಸಾಲು. ಬೆಲೆ ಬರೆದಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಪ್ರತಿ ಬಂಕಿನಲ್ಲೂ: ಇದರಲ್ಲಿ ಎಥನಾಲ್ ಎಷ್ಟು, ಯಾವ ವರ್ಷಕ್ಕಿಂತ ಹಳೆಯ ಗಾಡಿಗೆ ಹೊಂದುವುದಿಲ್ಲ, ಎಷ್ಟು ದಿನದೊಳಗೆ ಸುಡಬೇಕು. ಅಂಥ ಗಾಡಿಗಳಿಗೆ ತಾಲ್ಲೂಕಿಗೊಂದು ಕಡೆಯಾದರೂ ಬೆರಕೆಯಿಲ್ಲದ ಪೆಟ್ರೋಲು.

ಕಡೆಯದಾಗಿ, ಯಾರಿಗೆ ಏನು ಸಿಕ್ಕಿತು. ದೇಶಕ್ಕೆ ವಿದೇಶಿ ವಿನಿಮಯ ಉಳಿಯಿತಂತೆ, ಸಂತೋಷ. ಜಗಳೂರಿನ ನನ್ನ ಭಾವಮೈದ ಮೈಲಾರಿಯ ಮೆಕ್ಕೆಜೋಳಕ್ಕೆ ಎಥನಾಲ್ ಕಾರ್ಖಾನೆಯವರಿಂದ ಒಳ್ಳೆಯ ಬೆಲೆ ಬಂತು, ಅದನ್ನೂ ಮುಚ್ಚಿಡುವುದಿಲ್ಲ. ಬಿಡಿಭಾಗದ ಅಂಗಡಿಯವನಿಗೆ ವ್ಯಾಪಾರ. ತಮಗೆ, ವಿಲೇವಾರಿಯಾದ ಒಂದು ಕಡತ. ಸಣ್ಣಪ್ಪನಿಗೆ ಏನೂ ಇಲ್ಲ. ತಿಥಿ ಮುಗಿದ ಮಾರನೇ ದಿನ ಅವನು ಬಂದ. ಕೈಯಲ್ಲಿ ಕ್ಯಾನಿತ್ತು. ಬೇಡವೆಂದು ಕೈ ಮುಗಿದೆ. “ಅವಳು ಹತ್ತಿದ್ದು ಹತ್ತಿದ್ದೇ ಅಲ್ವೇನಣ್ಣಾ. ನಾಳೆ ಯಾರಿಗಾರಾ ಬೇಕಾಗತೈತೆ,” ಎಂದು ಕೋಣೆಯಲ್ಲಿಟ್ಟು ಹೋದ.

ನನಗೆ ಐದು ಲೀಟರ್.

ಇಂತಿ,
ಆ ಕ್ಯಾನನ್ನು ಸುರಿಯಲೂ ಆಗದೆ, ಇಡಲೂ ಆಗದೆ ಕೂತಿರುವ,
ಉಚ್ಚಂಗೆಪ್ಪ, ಗೋವಿನಕೋವಿ