ಎಂಟು ಗೇಣಿನ ಬೆಂಚು

ಮಂಗಳವಾರ, ಹನ್ನೆರಡನೇ ತಾರೀಕು.

ಮೂವತ್ತು ವರ್ಷ ಮರಗೆಲಸ ಮಾಡಿದವನನ್ನು ಇವತ್ತು ಎರಡನೇ ಕ್ಲಾಸಿನ ಮಕ್ಕಳು ಸೋಲಿಸಿದರು. ಅದೇ ತಲೆ ಕೊರೆಯುತ್ತಿದೆ.

ತಂಗಿಯ ಮಗಳು ಗುಬ್ಬಿ ಶಾಲೆಯಲ್ಲಿ ಬಾಯಿಯೇ ಬಿಡುವುದಿಲ್ಲ, ಮನೆಯವರು ಯಾರಾದರೂ ಬಂದು ಜೊತೆಗೆ ಕೂರಲಿ ಎಂದು ಟೀಚರು ಹೇಳಿಕಳಿಸಿದ್ದರು. ನಾನಿದ್ದೇನಲ್ಲ, ಹೋದೆ. ಅಲ್ಲಿ ಪುಸ್ತಕವೇ ಕಾಣಲಿಲ್ಲ. ಒಬ್ಬ ನೆಲದ ಮೇಲೆ ಬೀಜ ಎಣಿಸುತ್ತಿದ್ದ, ಇನ್ನೊಬ್ಬಳು ಮೇಜಿನಡಿ ಮಲಗಿ ಅದರ ಕಾಲನ್ನು ದಾರದಿಂದ ಅಳೆಯುತ್ತಿದ್ದಳು. ಯಾರೂ ಗದರುವವರಿಲ್ಲ.

"ದಾರ ಯಾಕ್ರೋ? ನನ್ನ ಗೇಣೇ ಟೇಪು!" ಎಂದು ಜಂಬದಿಂದ ಬೆಂಚು ಅಳೆದೆ. ಎಂಟು ಗೇಣು. ಮಕ್ಕಳು ಅಳೆದರೆ ಹದಿಮೂರು, ಹದಿನಾಲ್ಕು.

"ತಪ್ಪು, ಎಲ್ಲಾ ತಪ್ಪು!" ಎಂದುಬಿಟ್ಟೆ.

ಗುಬ್ಬಿ ಎದ್ದು ನಿಂತಳು. "ಮಾಮಾ, ಸುಮ್ನಿರು! ನಿನ್ ಕೈ ದೊಡ್ಡದು, ನಮ್ದು ಚಿಕ್ಕದು. ಅದಕ್ಕೇ ಬೇರೆ ಬೇರೆ ಬರುತ್ತೆ. ಯಾರ್ದೂ ತಪ್ಪಲ್ಲ."

ಕ್ಲಾಸಿಗೆ ಕ್ಲಾಸೇ ನಕ್ಕಿತು. ಟೀಚರು ಮಾತ್ರ ಅವಳನ್ನೇ ನೋಡುತ್ತಾ ನಿಂತರು.

ಅವಳ ಬಾಯಿ ಬಿಡಿಸಲೆಂದು ಬೇಕಂತಲೇ ತಪ್ಪು ಹೇಳಿದೆ ಎಂದು ತಂಗಿಯ ಮುಂದೆ ಕೊಚ್ಚಿಕೊಂಡಿದ್ದೇನೆ. ನಂಬಿದಳು, ಪಾಪ. ಈ ಡೈರಿಯಲ್ಲಿ ಯಾಕೆ ಸುಳ್ಳು ಬರೆಯಲಿ?

ನಾನು ಓದುವಾಗ ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಕರಿಹಲಗೆಯನ್ನು ಗೇಣಿನಲ್ಲಿ ಅಳೆಸಿದ್ದರು. ಅವರಿಗೆ ಆರು ಬಂದಿತ್ತು, ನನಗೆ ಹತ್ತು. ಹತ್ತು ಎಂದದ್ದಕ್ಕೆ ಅಂಗೈ ಮೇಲೆ ಎರಡು ಏಟು ಬಿತ್ತು. ಆ ಹತ್ತು ತಪ್ಪೆಂದೇ ಇಷ್ಟು ವರ್ಷ ನಂಬಿದ್ದೆ.

ಲೈಟು ಆರಿಸು ಎಂದು ತಂಗಿ ಕೂಗುತ್ತಿದ್ದಾಳೆ.

ಹತ್ತೇ ಸರಿ, ಮೇಷ್ಟ್ರೇ. ಆಗ ನನ್ನ ಕೈ ಚಿಕ್ಕದಿತ್ತು.