ಕೆಂಪಕ್ಷರದಲ್ಲಿ ಬಂದದ್ದು

ಮಾರ್ಚ್ 3, ಸೋಮವಾರ

ಇವತ್ತೂ ಟ್ರೈನಿಂಗ್. ತಲೆ ಗಿರ್ರೆನ್ನುತ್ತಿದೆ. ಗೋ-ಲೈವ್ ಅಂದರೆ ಹಳೆ ಫೈಲು ಕಟ್ಟಿಟ್ಟು ಎಲ್ಲವನ್ನೂ ಕಂಪ್ಯೂಟರಿನಲ್ಲೇ ಮಾಡುವ ದಿನ. ಮೈಗ್ರೇಷನ್ ಅಂದರೆ ಫೈಲಿನಲ್ಲಿದ್ದ ರೋಗಿಗಳೆಲ್ಲ ಅದರೊಳಗೆ ಹೋಗುವುದು. ಬೈಹಾರ್ಟ್ ಮಾಡಿದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂರಿಸಿದ್ದಾರೆ... ಏನು ಎಡವಟ್ಟಾಗುತ್ತದೋ. ಟ್ರೈನರ್ ಹೇಳಿದ್ದು ಒಂದೇ ಮಾತು — "ಸ್ಕ್ರೀನ್ ಮೇಲೆ ಏನು ಬರತ್ತೋ ಅದನ್ನೇ ಓದಿ ಹೇಳಿ. ನಿಮ್ಮ ಒಗ್ಗರಣೆ ಹಾಕಬೇಡಿ."

ತಂಗಿ ಇದೇ ಆಸ್ಪತ್ರೆಯಲ್ಲಿ ನರ್ಸ್. ಬಿದ್ದು ಬಿದ್ದು ನಕ್ಕಳು. "ಅಕ್ಕಾ, ಕಂಪ್ಯೂಟರ್ ಏನು ಕಚ್ಚತ್ತಾ?"

ಮಾರ್ಚ್ 10

ಗೋ-ಲೈವ್ ಆಯಿತು. ಬರೆಯಲೇಬೇಕು.

ಬೆಳಿಗ್ಗೆ ಒಬ್ಬ ಲಾರಿ ಡ್ರೈವರ್ ಬಂದ. ಅಪ್ಪನನ್ನು ಯಾವ ವಾರ್ಡಿಗೆ ಹಾಕಿದ್ದಾರೆ ಎಂದು ಕೇಳಿದ. ಅವನು ಕೊಟ್ಟ ಹಳೆ ಚೀಟಿಯ ನಂಬರ್ ಒತ್ತಿದೆ. ಕೆಂಪಕ್ಷರ. ಬಂದ ಹಾಗೇ ಓದಿದೆ — "ಎಕ್ಸ್‌ಪೈರ್ಡ್ ಅಂತ ಬರ್ತಿದೆ ಅಣ್ಣಾ."

ಅವಧಿ ಮುಗಿದದ್ದು ಅವನಪ್ಪನ ಆ ಹಳೆ ಚೀಟಿಯದು. ಸತ್ತವರಿಗೂ ಇಲ್ಲಿ ಅದೇ ಪದ ಹೇಳುತ್ತಾರೆಂದು ನನಗೆ ಹೊಳೆಯಲಿಲ್ಲ. ಅವನಿಗೆ ಹೊಳೆಯಿತು.

"ನಿನ್ನೆ ಚೆನ್ನಾಗಿ ಮಾತಾಡ್ತಿದ್ರು ಕಣೇ! ಕೊಂದ್ಬಿಟ್ರಾ ನಮ್ಮಪ್ಪನ್ನ?"

ಗಾಜು ಒಡೆಯಿತು. ಮಾನಿಟರ್ ಕಿತ್ತು ನೆಲಕ್ಕೆ ಬಡಿದ. ಹೊರಗಿದ್ದ ಅವನ ತಮ್ಮಂದಿರು ನುಗ್ಗಿದರು. ನಾನು ಮೇಜಿನ ಕೆಳಗೆ. ಆಕ್ಸಿಜನ್ ಸಿಲಿಂಡರ್ ತಿರುಗಿಸುವ ಕಬ್ಬಿಣದ ಸ್ಪ್ಯಾನರ್ ಡ್ರೈವರನ ಕೈಗೆ ಸಿಕ್ಕಿತು. ವಾರ್ಡಿನ ಬಾಗಿಲಿಗೆ ಅಡ್ಡ ನಿಂತವಳು ನನ್ನ ತಂಗಿ.

"ಅಣ್ಣಾ, ನಿಮ್ಮಪ್ಪ ಒಳಗೇ ಇದಾರೆ, ಬನ್ನಿ ತೋರಿ—"

ಮುಗಿಸಲು ಬಿಡಲಿಲ್ಲ. ಮುಖಕ್ಕೇ ಬಿತ್ತು. ಗೋಡೆಗೆಲ್ಲ ರಕ್ತ. ಬಿದ್ದವಳನ್ನೂ ಒದ್ದರು.

ಒಳಗಿನಿಂದ ಮುದುಕರ ದನಿ — "ಯಾಕೋ ಮಗನೇ, ಏನೋ ಗಲಾಟೆ?"

ಅದೇ ದಿನ, ಸಂಜೆ

ಸೆಕ್ಯುರಿಟಿಯವರು ಸಿಕ್ಕಿಬಿದ್ದ ಡ್ರೈವರನನ್ನು ಹಾಸಿಗೆ ಬಟ್ಟೆ ಇಡುವ ಕೋಣೆಗೆ ಎಳೆದೊಯ್ದು ತದುಕಿದರು. ಆಯಾಗಳೂ ಸೇರಿದರು. ಹಲ್ಲು ಉದುರಿತು. ಬಾಗಿಲಲ್ಲಿ ನನ್ನನ್ನು ಕಂಡು ಬೆರಳೆತ್ತಿದ. "ಇವಳೇ... ಇವಳೇ ಹೇಳಿದ್ದು..."

ಎಲ್ಲರೂ ತಿರುಗುವಷ್ಟರಲ್ಲಿ ಬಾಗಿಲ ಹಿಂದಿನ ಕಬ್ಬಿಣದ ಅಗುಳಿ ನನ್ನ ಕೈಯಲ್ಲಿತ್ತು. ಬಾಯಿಗೇ ಕೊಟ್ಟೆ. ಮಾತು ನಿಲ್ಲುವವರೆಗೂ ಕೊಟ್ಟೆ.

"ಸ್ವಂತ ತಂಗಿ ಅಲ್ವೇನಮ್ಮಾ, ಕರುಳು ಚುರುಕ್ ಅನ್ನತ್ತೆ," ಎಂದು ಸೆಕ್ಯುರಿಟಿಯವನು ನನ್ನ ಬೆನ್ನು ಸವರಿದ.

ಮಾರ್ಚ್ 14

ತಂಗಿಗೆ ಎಚ್ಚರವಿಲ್ಲ. ಡ್ರೈವರನ ದವಡೆ ಮುರಿದಿದೆಯಂತೆ, ತಂತಿ ಬಿಗಿದಿದ್ದಾರಂತೆ. ಸದ್ಯಕ್ಕೆ ಮಾತಾಡುವ ಹಾಗಿಲ್ಲ. ಕೇಳಿ ಸಮಾಧಾನವಾಯಿತು.

ಸೂಪರಿಂಟೆಂಡೆಂಟ್ ಕೇಳಿದರು, "ಸತ್ತರು ಅಂತ ಹಬ್ಬಿಸಿದ್ದು ಯಾರಮ್ಮಾ?" ಗೊತ್ತಿಲ್ಲ ಸಾರ್ ಎಂದೆ.

ಮಾರ್ಚ್ 19

ಕಣ್ಣು ಬಿಟ್ಟಳು. ಬಲಗಣ್ಣು. ಎಡಗಣ್ಣು ಹೋಗಿಯೇ ಹೋಯಿತು. ನನ್ನ ಬೆರಳು ಹಿಡಿದುಕೊಂಡಳು. ಹೂವಿನಷ್ಟು ಹಗುರ.

"ಅವರಪ್ಪ ಸತ್ತರು ಅಂತ ಅವನಿಗೆ ಯಾರಕ್ಕಾ ಹೇಳಿದ್ದು?"

ಬಾಯಿ ತೆಗೆದೆ. ನಾನು ಹೇಳಿದ್ದು — "ಗೊತ್ತಿಲ್ಲ ಕಣೇ."