ಮ್ಯಾನ್‌ಹೈಮ್‌ನಲ್ಲಿ ನೀವು ಕಟ್ಟಿದ ಜೋಡಿ

ಅಪ್ಪಾಜಿ, ನಮ್ಮ ಗರಡಿಯ ಉಸ್ತಾದರೇ,

ಕೊನೆಯ ಸಲ ವಿಡಿಯೊ ಕಾಲ್‌ನಲ್ಲಿ ಸಿಕ್ಕಾಗಲೂ ನೀವು ಕೇಳಿದ್ದು ಅದನ್ನೇ. ನನ್ನ ಆರೋಗ್ಯ ಕೇಳಲಿಲ್ಲ, ಮೊಮ್ಮಗಳ ಪರೀಕ್ಷೆ ಕೇಳಲಿಲ್ಲ. ಬರೀ ಹುಬ್ಬು ಕಾಣುವಷ್ಟು ಹತ್ತಿರ ಫೋನ್ ಹಿಡಿದು “ಜೋಡಿ ಏನಾಯ್ತವ್ವಾ?” ಎಂದಿರಿ. ಇನ್ನೂ ದಿನ ಗೊತ್ತಾಗಿಲ್ಲ ಎಂದೆ. “ಗೊತ್ತಾದ ತಕ್ಷಣ ಹೇಳು, ಇಲ್ಲಿ ಹುಡುಗ್ರಿಗೆಲ್ಲ ಮಾತು ಕೊಟ್ಟಿವ್ನಿ” ಎಂದು ಫೋನ್ ಇಟ್ಟಿರಿ. ಮುಂದಿನ ವಾರವೇ, ಬೆಳಗಿನ ಸಾಮು ಮುಗಿಸಿ, ಗರಡಿಯ ಜಗಲಿಯ ಮೇಲೆ ಕೂತವರು ಕೂತ ಹಾಗೆಯೇ... ಅದನ್ನು ನಿಮಗೇ ಏನೆಂದು ಬರೆಯಲಿ? ನಿಮಗೆ ಗೊತ್ತಿಲ್ಲದಿರುವುದು ಆಮೇಲಿನ ಕಥೆ. ಹೋದ ಭಾನುವಾರ ಆ ಕುಸ್ತಿ ನಡೆಯಿತು ಅಪ್ಪಾಜಿ, ನಡೆದೇ ನಡೆಯಿತು! ಯಾರು ಗೆದ್ದರು ಎಂದು ಈಗಲೇ ಹೇಳುವುದಿಲ್ಲ. ಹೇಳಿದರೆ ಉಳಿದದ್ದನ್ನು ನೀವು ಓದುತ್ತೀರಾ? ಪೇಪರನ್ನೂ ಹಿಂದಿನ ಪುಟದಿಂದ ಓದುತ್ತಿದ್ದವರು ತಾನೆ?

ನೀವು ಮ್ಯಾನ್‌ಹೈಮ್‌ಗೆ ಬಂದ ಮೊದಲ ಭಾನುವಾರ ನೆನಪಿದೆಯೇ? ಬೆಳಿಗ್ಗೆ ಎದ್ದವರೇ ಕಟ್ಟಡದ ಹಿಂದಿನ ಹೋಫ್‌ಗೆ, ಅಂದರೆ ನಾವೆಲ್ಲ ಸೈಕಲ್ ನಿಲ್ಲಿಸುವ ಅಂಗಳಕ್ಕೆ, ಇಳಿದು ಬಸ್ಕಿ ಹೊಡೆಯತೊಡಗಿದಿರಿ. ಬಸ್ಕಿಯಾದರೂ ಸದ್ದಿಲ್ಲದ ಕೆಲಸ. ಮುಗಿದ ಮೇಲೆ ಗರಡಿಯಲ್ಲಿ ಮಾಡುವ ಹಾಗೆ ತೊಡೆ ತಟ್ಟಿದಿರಿ ನೋಡಿ, ನಾಲ್ಕೂ ಗೋಡೆಗೆ ಬಡಿದು ಅದು ಪಟಾಕಿಯಂತೆ ಕೇಳಿಸಿತು. ಮೂರನೇ ಮಹಡಿಯ ಹಿರಿಯ ಹೆಂಗಸು ಫ್ರೌ ಕೆಲ್ಲರ್ ಕಿಟಕಿ ತೆಗೆದು, ಭಾನುವಾರ ರೂಹೆಟ್ಸೈಟ್, ಸದ್ದು ಮಾಡಬಾರದ ಹೊತ್ತು ಎಂದು ಜರ್ಮನ್‌ನಲ್ಲಿ ಕೂಗಿದರು. ನೀವು ಅದನ್ನು ಶಹಬ್ಬಾಸ್‌ಗಿರಿ ಅಂದುಕೊಂಡು, ಕೈಮುಗಿದು, ಇನ್ನೊಮ್ಮೆ ತಟ್ಟಿದಿರಿ. ಮಾರನೆಯ ದಿನ ಕಟ್ಟಡ ನೋಡಿಕೊಳ್ಳುವ ಹೌಸ್‌ಫೆರ್ವಾಲ್ಟುಂಗ್‌ನಿಂದ ನನಗೊಂದು ಖಾರವಾದ ಇಮೇಲ್ ಬಂತು. ನಾನು ಅದನ್ನು ಓದಿ ಹೇಳಿದರೆ ನೀವು “ಭಾನುವಾರ ಉಸಿರಾಡಬೋದಾ, ಅದನ್ನೂ ಕೇಳ್ಬುಡು” ಎಂದಿರಿ.

ಆ ಸದ್ದಿಗೆ ಬಾಗಿಲು ತೆಗೆದವಳು ಇನ್ನೊಬ್ಬಳಿದ್ದಳು. ಕೆಳಮನೆಯ ಫುಮಿಕೊ. ಬೇಕರಿಯಲ್ಲಿ ಕೆಲಸ ಮಾಡುವ, ಮೆಟ್ಟಿಲಲ್ಲಿ ಸಿಕ್ಕರೆ ಬಾಗಿ ವಂದಿಸುವ, ನಲವತ್ತರ ಹತ್ತಿರದ ಜಪಾನಿ ಹೆಂಗಸು ಎಂದಷ್ಟೇ ನನಗೆ ಗೊತ್ತಿತ್ತು. ಅವಳು ಬಂದು ನಿಮ್ಮೆದುರು ನಿಂತು ಬಸ್ಕಿ ಶುರು ಮಾಡಿದಳು. ಅದೇ ಕೈ ಬೀಸು, ಅದೇ ಹಿಮ್ಮಡಿ ಎತ್ತುವ ರೀತಿ! ನೀವು ಬಿಡುತ್ತೀರಾ? ಇಬ್ಬರೂ ಎದುರುಬದುರು ಏರಿಳಿಯುತ್ತಲೇ ಇದ್ದಿರಿ. ಕೊನೆಗೆ “ಸಾಕು ಕಣವ್ವಾ, ಮನೇಲಿ ದೋಸೆ ಆರೋಗ್ತದೆ” ಎಂದು ನಿಲ್ಲಿಸಿದ್ದು ನೀವು. ಅವತ್ತು ನಾನು ಮಾಡಿದ್ದು ಉಪ್ಪಿಟ್ಟು, ಅಪ್ಪಾಜಿ.

ಆ ಉಪ್ಪಿಟ್ಟಿನ ಮುಂದೆ ಅವಳನ್ನೂ ಕೂರಿಸಿ “ಯಾವ ಗರಡಿಯವಳು ಅಂತ ಕೇಳು” ಎಂದು ನನ್ನ ಪ್ರಾಣ ತಿಂದಿರಿ. ಅವಳು ಜರ್ಮನ್‌ನಲ್ಲಿ ಹೇಳಿದ್ದನ್ನು ನಾನು ಕನ್ನಡ ಮಾಡಿದೆ. ಹಿಮ ಬೀಳುವ ಮೀನುಗಾರರ ಊರು. ಟೀವಿಯಲ್ಲಿ ಹೆಂಗಸರ ಕುಸ್ತಿ ನೋಡಿ, ಹೈಸ್ಕೂಲು ಬಿಟ್ಟು, ಅಮ್ಮ ಅಳುತ್ತಿರುವಾಗಲೇ ರೈಲು ಹತ್ತಿದ ಹುಡುಗಿ. ಕುಸ್ತಿ ಕಲಿಸುವ ಮನೆಯಲ್ಲಿ ಮೊದಲ ವರ್ಷವೆಲ್ಲ ಹಿರಿಯರಿಗೆ ಅನ್ನ ಬೇಯಿಸುವುದು, ಅವರ ಬಟ್ಟೆ ಒಗೆಯುವುದು, ಉಳಿದ ಹೊತ್ತಿನಲ್ಲಿ ಬಸ್ಕಿ ಮತ್ತು ಬೀಳುವುದನ್ನು ಕಲಿಯುವುದು. ನೀವು ತಲೆದೂಗುತ್ತಾ “ನಾನೂ ನಮ್ಮ ಉಸ್ತಾದ್ರಿಗೆ ಬಾದಾಮಿ ಅರೆದೇ ಕಲ್ತಿದ್ದು” ಎಂದಿರಿ. ಬಹಳ ಕಾಲ ಬರೀ ಸೋತಳಂತೆ. ಆಮೇಲೆ ಕೆಂಪು ಉಡುಪಿನ ಫುಮಿಕೊ ಎಂದರೆ ಊರೂರಿನಲ್ಲಿ ಜನ ಸೇರುವಷ್ಟು ಬೆಳೆದಳು. ಹೆಸರು ಕೂಗಿದ ಕೂಡಲೇ ನಾಲ್ಕೂ ದಿಕ್ಕಿನಿಂದ ಬಣ್ಣದ ಕಾಗದದ ಸುರುಳಿಗಳು ರಿಂಗಿಗೆ ಹಾರಿ ಬರುತ್ತಿದ್ದವಂತೆ. ಅದನ್ನು ಹೇಳುವಾಗ ಅವಳ ಕೈ ತಾನಾಗಿ ಗಾಳಿಯಲ್ಲಿ ಸುರುಳಿ ಬಿಚ್ಚುತ್ತಿತ್ತು.

“ಮತ್ತೆ ಬಿಟ್ಟಿದ್ಯಾಕೆ?” ಎಂದು ನೀವು ಕೇಳಿದ ಹೊತ್ತು ನೆನಪಿದೆಯೇ? ಅವಳು ಮಂಡಿ ತೋರಿಸಿದಳು. ಮಂಡಿ ಹೋಯಿತು, ವಾಸಿಯಾಗುವಷ್ಟರಲ್ಲಿ ಅವಳಿದ್ದ ಸಂಸ್ಥೆಯೇ ಮುಚ್ಚಿತ್ತು. ಅಲ್ಲಿ ಕುಸ್ತಿಯವಳು ವಿದಾಯ ಹೇಳುವಾಗ ಕೊನೆಯ ಪಂದ್ಯ ಇಡುತ್ತಾರೆ. ಅದು ಮುಗಿದ ಮೇಲೆ ಇಡೀ ಸಭಾಂಗಣ ಎದ್ದು ನಿಂತು ಸುಮ್ಮನಾಗುತ್ತದೆ, ಗಂಟೆ ಹತ್ತು ಸಲ ಹೊಡೆಯುತ್ತದೆ, ಆಮೇಲೆ ಸುರುಳಿಗಳು. “ನನಗೆ ಆ ಗಂಟೆ ಹೊಡೆಯಲಿಲ್ಲ” ಎಂದಳು ಫುಮಿಕೊ. ಅಕ್ಕ ಇದ್ದಾಳೆಂದು ಜರ್ಮನಿಗೆ ಬಂದು, ಬೇಕರಿ ಸೇರಿ, ಟ್ರಾಮ್‌ನಲ್ಲಿ ಒಂದು ಕುಸ್ತಿ ಪೋಸ್ಟರ್ ನೋಡಿ ಇಲ್ಲಿನ ರಿಂಗು ಹತ್ತಿದ್ದಳು. ಇಲ್ಲಿ ಅವಳಿಗೆ ಸಿಗುತ್ತಿದ್ದದ್ದು ಮೊದಲ ಪಂದ್ಯ ಮಾತ್ರ. ಹೊಸಬರಿಗೆ ಸೋತು ಅವರ ಹೆಸರು ಬೆಳೆಸುವ ಕೆಲಸ. ಒಂದೇ ಒಂದು ವಿದಾಯದ ಪಂದ್ಯ ಕೊಡಿ ಎಂದರೆ ಸಂಘಟಕ ವರ್ಷಗಳಿಂದ “ನೋಡೋಣ, ನೋಡೋಣ” ಎನ್ನುತ್ತಿದ್ದ. ನೀವು “ನಮ್ಮಲ್ಲಿ ಗಂಟೆ ಗಿಂಟೆ ಇಲ್ಲ. ಪೈಲ್ವಾನ ಕೊನೇ ಕುಸ್ತಿ ಮುಗಿಸಿ ಮಟ್ಟಿ ಮಣ್ಣಿಂದ ಇಳಿಯೋವಾಗ ಸುತ್ತ ಇರೋರೆಲ್ಲ ತೊಡೆ ತಟ್ಬೇಕು. ಸುಮ್ನೆ ಕಳಿಸಬಾರ್ದು ಅಂತ ಹೇಳವ್ವಾ ಅವ್ಳಿಗೆ” ಎಂದಿರಿ. ಅವಳು ಬಾಗಿ ನಿಮಗೆ ವಂದಿಸಿದಳು.

ಅವಳ ಪಂದ್ಯ ನೋಡಲು ಹೋಗುವ ದಿನ ನಿಮ್ಮ ಠೀವಿ ಏನು! ಬಿಳಿ ಪಂಚೆ, ಶಲ್ಯ, ಸೂಟ್‌ಕೇಸಿನ ತಳದಿಂದ ತೆಗೆದ ಗುಲಾಬಿ ಪೇಟ. ಟ್ರಾಮ್‌ನಲ್ಲಿ ನಿಮ್ಮ ಅಳಿಯ “ಮಾವ, ಇದ್ರಲ್ಲಿ ಯಾರು ಗೆಲ್ಬೇಕು ಅಂತ ಮೊದ್ಲೇ ಮಾತಾಗಿರುತ್ತೆ, ಟೆನ್ಶನ್ ತಗೋಬೇಡಿ” ಎಂದು ಹೇಳಿಯೂ ಇದ್ದರು. ನೀವು “ಹಂಗಾದ್ರೆ ಅದು ನಾಟಕ” ಎಂದು ಮುಖ ತಿರುಗಿಸಿದಿರಿ. ಆದರೆ ಫುಮಿಕೊ ಹಗ್ಗದ ಮೇಲಿಂದ ಹಾರಿ ಬೆನ್ನಡಿಯಾಗಿ ಬಿದ್ದಾಗ ನನ್ನ ಕೈಯನ್ನು ಹಿಂಡಿಬಿಟ್ಟವರು ಯಾರು? “ಗೆಲ್ಲೋದು ಮಾತಾಗಿರ್ಬೋದು, ಬೀಳೋದು ಮಾತಲ್ಲ ಕಣವ್ವಾ” ಎಂದಿರಿ. ಅಷ್ಟರಲ್ಲಿ ಎದುರಾಳಿ ಪೆಟ್ರಾ, ಪೋಸ್ಟರಿನಲ್ಲಿ ‘ರೋಡ್ ರೋಲರ್’ ಎಂಬ ಅರ್ಥದ ಹೆಸರಿರುವ ಆ ದೈತ್ಯೆ, ಕಾಲನ್ನು ಹಗ್ಗಕ್ಕೆ ಕೊಟ್ಟು ಮೋಸದಿಂದ ಫುಮಿಕೊಳನ್ನು ಅದುಮಿ ಗೆದ್ದಳು. ನೀವು ಎದ್ದು ನಿಂತಿರಿ. “ಭುಜ ನೆಲ ಮುಟ್ಟಿಲ್ಲ! ಚಿತ್ ಆಗಿಲ್ಲ!” ಪಂಚೆಯ ಅಂಚು ಹಿಡಿದು ಎಳೆಯಹೋದೆ. ಸಿಕ್ಕಿದ್ದು ಶಲ್ಯ ಮಾತ್ರ.

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಆಸ್ಪತ್ರೆ ಕೆಲಸದ ನಡುವೆ, ಆಪರೇಷನ್ ಥಿಯೇಟರಿನಲ್ಲೂ ಮಾಸ್ಕಿನೊಳಗೆ ನಗು ಬರುತ್ತದೆ. ಕಾವಲಿನವನು ನಿಮ್ಮ ಪೇಟ ನೋಡಿ ಇವರೂ ಕಾರ್ಯಕ್ರಮದವರೇ ಎಂದು ದಾರಿ ಬಿಟ್ಟ. ನೀವು ರಿಂಗು ಹತ್ತಿ, ಒಂದು ಕೈಯಲ್ಲಿ ಫುಮಿಕೊಳ ಕೈ, ಇನ್ನೊಂದರಲ್ಲಿ ಪೆಟ್ರಾಳ ಕೈ ಹಿಡಿದು, ಎರಡನ್ನೂ ಸೇರಿಸಿ ಮೇಲೆತ್ತಿ “ಜೋಡೀ!” ಎಂದು ಕೂಗಿದಿರಿ. ದಸರಾ ಕುಸ್ತಿಗೆ ಮುಂಚೆ ಉಸ್ತಾದರು ಜೋಡಿ ಕಟ್ಟುವ ಹಾಗೆಯೇ. ನಿಮ್ಮ ಲೆಕ್ಕದಲ್ಲಿ ಕೈ ಸೇರಿಸಿದ ಮೇಲೆ ಮುಗಿಯಿತು, ಈ ಇಬ್ಬರೂ ಮತ್ತೆ ಸೆಣಸಲೇಬೇಕು, ಹಿಂದೆ ಸರಿದವರಿಗೆ ಮರ್ಯಾದೆಯಿಲ್ಲ. ಇಲ್ಲಿ ಯಾರಿಗೆ ಗೊತ್ತಿತ್ತು ಅಪ್ಪಾಜಿ? ಮೊದಲು ಒಬ್ಬ, ಆಮೇಲೆ ಇಬ್ಬರು, ಕೊನೆಗೆ ಎಲ್ಲರೂ ಕಾಲು ಬಡಿದು “ನೊಖ್ ಮಾಲ್! ನೊಖ್ ಮಾಲ್!” ಮತ್ತೊಮ್ಮೆ, ಮತ್ತೊಮ್ಮೆ ಎಂದು ಕೂಗತೊಡಗಿದರು. ಜನರ ನಾಡಿ ಹಿಡಿಯಬಲ್ಲ ಆ ಸಂಘಟಕ ಮೈಕ್ ಕಿತ್ತುಕೊಂಡು, ಇದೇ ಜೋಡಿ, ಸೀಸನ್ನಿನ ಮುಖ್ಯ ಪಂದ್ಯ, ಫುಮಿಕೊಳ ವಿದಾಯದ ಪಂದ್ಯ ಎಂದು ಅಲ್ಲೇ ಸಾರಿಬಿಟ್ಟ. ವರ್ಷಗಟ್ಟಲೆ ಕೇಳಿ ಸಿಗದಿದ್ದದ್ದು ನಿಮ್ಮೊಂದು ತಪ್ಪಿನಿಂದ ಸಿಕ್ಕಿತು. ಫುಮಿಕೊ ರಿಂಗಿನಲ್ಲೇ ಕೂತು ಅತ್ತಳು, ನಕ್ಕಳು, ಯಾವುದು ಯಾವುದೆಂದು ಗೊತ್ತಾಗಲಿಲ್ಲ.

ಪೆಟ್ರಾ ಅದರ ಮುಂದಿನ ಶನಿವಾರ ಕೇಕ್ ಹಿಡಿದು ನಮ್ಮ ಮನೆಗೆ ಬಂದಾಗ ನೀವು ಬೆಪ್ಪಾಗಿದ್ದು ನೆನಪಿದೆಯೇ? ರಿಂಗಿನಲ್ಲಿ ಹಲ್ಲು ಕಡಿಯುವವಳು ವಾರವಿಡೀ ಕಿಂಡರ್‌ಗಾರ್ಟನ್‌ನಲ್ಲಿ ಮಕ್ಕಳ ಮೂಗು ಒರೆಸುವವಳು. “ರೋಲರಮ್ಮಾ” ಎಂದು ಅವಳಿಗೆ ಹೆಸರಿಟ್ಟಿರಿ. ಇಬ್ಬರಿಗೂ ದೋಬಿ ಪಟ್ಟು ಕಲಿಸಲು ಹೊರಟಿರಿ. ಹೆಂಗಸರ ಮೈ ಮುಟ್ಟಿ ಪಟ್ಟು ಹಾಕುವುದು ಸಂಕೋಚವೆಂದು, ಅಗಸರು ಬಟ್ಟೆ ಎತ್ತಿ ಒಗೆಯುವ ಹಾಗೆ ಎದುರಾಳಿಯನ್ನು ಬೆನ್ನ ಮೇಲಿಂದ ಎತ್ತಿಹಾಕುವ ಆ ಪಟ್ಟನ್ನು ನಿಮ್ಮ ಅಳಿಯನ ಮೇಲೆ ತೋರಿಸಿದಿರಿ. ಪಾಪ, ಅವರು ಆ ವಾರವೆಲ್ಲ ಮಲಗಿಕೊಂಡೇ ಆಫೀಸಿನ ಮೀಟಿಂಗ್ ಮಾಡಿದರು. ಫ್ರೌ ಕೆಲ್ಲರ್ ಕಿಟಕಿಯಲ್ಲಿ ಕಾಫಿ ಹಿಡಿದು ನೋಡುತ್ತಿದ್ದರು. ನನ್ನನ್ನು ಗರಡಿಯ ಹೊಸ್ತಿಲು ದಾಟಲು ಒಂದು ದಿನವೂ ಬಿಡದವರು, ಇಲ್ಲಿ ಸೈಕಲ್‌ಗಳ ನಡುವೆ ಇಬ್ಬರು ಹೆಂಗಸರಿಗೆ ಉಸ್ತಾದರಾಗಿದ್ದಿರಿ. ನನಗೆ ಹೊಟ್ಟೆಕಿಚ್ಚಾಗಿತ್ತು ಅಪ್ಪಾಜಿ, ಖುಷಿಯೂ ಆಗಿತ್ತು.

ನಿಮ್ಮ ವೀಸಾ ಮುಗಿಯಿತು, ನೀವು ಹೊರಟಿರಿ, ಆಮೇಲೆ... ಸುದ್ದಿ ಬಂದ ದಿನ ಫ್ರೌ ಕೆಲ್ಲರ್ ಮೇಣದಬತ್ತಿ ಹಿಡಿದು ಬಂದು, “ಹೋಫ್ ಈಗ ತೀರಾ ನಿಶ್ಶಬ್ದ” ಎಂದರು. ಅಷ್ಟರಲ್ಲೇ ಫುಮಿಕೊಳ ಮಂಡಿ ಮತ್ತೆ ಕೈಕೊಟ್ಟಿತು. ಆಪರೇಷನ್ ಆಗಲೇಬೇಕೆಂದರು, ಆಮೇಲೆ ರಿಂಗು ಹತ್ತುವುದು ಅನುಮಾನ ಎಂದರು. ಸಂಘಟಕ ಬೇರೆ ಜೋಡಿ ಹುಡುಕಲು ಹೊರಟ. ಆಗ ಪೆಟ್ರಾ ಏನೆಂದಳು ಗೊತ್ತೇ? “ಆ ಮುದುಕರು ಕೈ ಸೇರಿಸಿದ್ದಾರೆ. ನಾನು ಬೇರೆಯವರ ಜೊತೆ ಆಡುವುದಿಲ್ಲ.” ಒಂದಿಡೀ ವರ್ಷ ಕಾದಳು ನಿಮ್ಮ ರೋಲರಮ್ಮ. ಫುಮಿಕೊ ಅದೇ ಹೋಫ್‌ನಲ್ಲಿ, ಮೊದಲು ಕುರ್ಚಿ ಹಿಡಿದು, ಆಮೇಲೆ ಬಿಟ್ಟು, ಬಸ್ಕಿ ಹೊಡೆದಳು. ನಿಮ್ಮ ಮೊಮ್ಮಗಳು ದಿಯಾ ಪಕ್ಕದಲ್ಲಿ ನಿಂತು ಜರ್ಮನ್‌ನಲ್ಲಿ ಹುರಿದುಂಬಿಸುತ್ತಿದ್ದಳು.

ಹೋದ ಭಾನುವಾರ ಮಧ್ಯಾಹ್ನ, ಪಂದ್ಯಕ್ಕೆ ಮುಂಚೆ ಫುಮಿಕೊ ನನ್ನನ್ನು ಕರೆದು, “ನನ್ನ ಮೂಲೆಯಲ್ಲಿ ನೀನು ನಿಲ್ಲಬೇಕು, ನಿನ್ನ ತಂದೆಯ ಜಾಗದಲ್ಲಿ” ಎಂದಳು. ನೀವು ಇಲ್ಲೇ ಬಿಟ್ಟು ಹೋಗಿದ್ದ ಗುಲಾಬಿ ಪೇಟ ನನ್ನ ತಲೆಯ ಮೇಲೆ, ಕಿವಿಯವರೆಗೂ ಇಳಿದಿತ್ತು. ರಿಂಗಿನ ಅಂಚಿಗೆ ಹತ್ತಿ, ಅದು ಮಟ್ಟಿಯಲ್ಲ, ಬರೀ ಕ್ಯಾನ್ವಾಸ್ ಎಂದು ಗೊತ್ತಿದ್ದೂ, ಮುಟ್ಟಿ ಹಣೆಗೆ ಒತ್ತಿಕೊಂಡೆ. ಹೊಸ್ತಿಲು ದಾಟಿದ ಹಾಗಾಯಿತು. ಬೈದುಕೊಳ್ಳಬೇಡಿ.

ಒಪ್ಪಂದದಲ್ಲಿ ಅವತ್ತು ಸೋಲಬೇಕಾದವಳು ಫುಮಿಕೊ. ವಿದಾಯ ಹೇಳುವವರು ಉಳಿಯುವವರಿಗೆ ಸೋತು ಹೋಗುವುದು ಅವರ ಪದ್ಧತಿ. ನಿಮಗೆ ಇದನ್ನು ಹೇಳಿದಾಗ “ಸೋಲ್ಸೋಕೆ ಜೋಡಿ ಕಟ್ದೆನೇನವ್ವಾ ನಾನು?” ಎಂದು ಆ ರಾತ್ರಿ ಊಟ ಬಿಟ್ಟಿದ್ದಿರಿ. ಸರಿ, ಕೇಳಿ. ಎತ್ತಿ ಒಗೆದಳು ಪೆಟ್ರಾ, ಬಿದ್ದು ಎದ್ದಳು ಫುಮಿಕೊ, ಮತ್ತೆ ಬಿದ್ದು ಮತ್ತೆ ಎದ್ದಳು. ಜನ ಕುರ್ಚಿಯ ಮೇಲೆ ಹತ್ತಿದ್ದರು. ಇದ್ದಕ್ಕಿದ್ದಂತೆ ಫುಮಿಕೊ ಪೆಟ್ರಾಳ ತೋಳು ಹಿಡಿದು ಒಳಗೆ ನುಗ್ಗಿ, ಸೊಂಟ ತಗ್ಗಿಸಿ... ದೋಬಿ ಪಟ್ಟು ಅಪ್ಪಾಜಿ! ಆ ರೋಡ್ ರೋಲರ್ ಗಾಳಿಯಲ್ಲಿ ಒಂದು ಸುತ್ತು ಹೊಡೆದು ಧೊಪ್ಪೆಂದು ಬಿತ್ತು. ರೆಫರಿ ಎಣಿಸಿದ, ಒಂದು, ಎರಡು. ಮಾತಿನ ಪ್ರಕಾರ ಪೆಟ್ರಾ ಇಲ್ಲಿ ಭುಜ ಎತ್ತಬೇಕು. ಎತ್ತಲಿಲ್ಲ. ಕಣ್ಣು ಮುಚ್ಚಿ, ಹಸುಗೂಸಿನಂತೆ ಮಲಗಿದ್ದಳು. ರೆಫರಿ ಗಾಬರಿಯಾಗಿ ಕೈ ತಡೆದು ಅವಳನ್ನು ನೋಡಿದ. ಅವಳು ಒಂದೇ ಕಣ್ಣು ತೆರೆದು “ಎಣಿಸು” ಎಂದಳು. ಮೂರು! ಚಿತ್, ಅಪ್ಪಾಜಿ, ಎರಡೂ ಭುಜ ನೆಲ ಮುಟ್ಟಿ ಚಿತ್! ಗೆದ್ದವಳು ಫುಮಿಕೊ. ಆಮೇಲೆ ಪೆಟ್ರಾ ನನಗೆ ಹೇಳಿದ್ದು ಇಷ್ಟೇ, “ನಿನ್ನ ಅಪ್ಪ ಊಟ ಬಿಟ್ಟಿದ್ದು ನೀನೇ ಹೇಳಿದ್ದೆಯಲ್ಲ.”

ಆಮೇಲೆ ದೀಪ ತಗ್ಗಿತು. ಎಲ್ಲರೂ ಎದ್ದು ನಿಂತರು. ಕೆಂಪು ಉಡುಪಿನ ಫುಮಿಕೊ ರಿಂಗಿನ ನಡುವೆ ತಲೆ ತಗ್ಗಿಸಿ ನಿಂತಳು. ಗಂಟೆ ಹೊಡೆಯತೊಡಗಿತು, ಒಂದೊಂದೇ, ನಿಧಾನವಾಗಿ. ಹತ್ತನೆಯದರ ನಾದ ಆರುವ ತನಕ ಒಬ್ಬರೂ ಕೆಮ್ಮಲಿಲ್ಲ. ಈಗ ತೊಡೆ ತಟ್ಟಬೇಕಾದವಳು ನಾನು. ಸುಮ್ಮನೆ ಕಳಿಸಬಾರದು ಎಂದು ನೀವು ಹೇಳಿದ್ದಿರಿ, ಅದಕ್ಕಾಗಿಯೇ ಸಿದ್ಧಳಾಗಿ ಬಂದಿದ್ದೆ. ಆದರೆ ಪೇಟ ಕಣ್ಣಿನವರೆಗೂ ಇಳಿಯಿತು, ಎರಡೂ ಕೈಯಿಂದ ಅದನ್ನು ಹಿಡಿದು ನಿಂತುಬಿಟ್ಟೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಛಟ್ ಎಂದು ಸದ್ದಾಯಿತು. ಪಟಾಕಿಯಂತೆ. ನೀವೇ ಎಂದುಕೊಂಡೆ ಅಪ್ಪಾಜಿ. ತಿರುಗಿದರೆ ಮೊದಲ ಸಾಲಿನಲ್ಲಿ ದಿಯಾಳ ಪಕ್ಕ, ಮುತ್ತಿನ ಸರ ಹಾಕಿಕೊಂಡು ನೆಟ್ಟಗೆ ನಿಂತ ಫ್ರೌ ಕೆಲ್ಲರ್. ಮೂರು ತಿಂಗಳು ಕಿಟಕಿಯಿಂದ ನೋಡಿ ಕಲಿತಿದ್ದರು. ಇನ್ನೊಮ್ಮೆ ತಟ್ಟಿದರು, ದಿಯಾ ತಟ್ಟಿದಳು, ಪೆಟ್ರಾ ತಟ್ಟಿದಳು, ನಾನೂ ತಟ್ಟಿದೆ, ಆಮೇಲೆ ಇಡೀ ಸಭಾಂಗಣ. ಆ ಸದ್ದಿನ ನಡುವೆ ಬಣ್ಣಬಣ್ಣದ ಸುರುಳಿಗಳು ಹಾರಿ ಬಂದು ಫುಮಿಕೊ ಕಾಣಿಸದಂತೆ ಮುಚ್ಚಿಬಿಟ್ಟವು.

ಭಾನುವಾರ ಅಪ್ಪಾಜಿ! ಅದೂ ಅವರ ರೂಹೆಟ್ಸೈಟ್ ಹೊತ್ತಿನಲ್ಲಿ!

ನಿಮ್ಮ ಮಗಳು
ಸುಮಾ